ನಾಲಗೆಗೆ ಸಿಗದ್ದು, ಹಲ್ಲಿಗೆ ಸಿಕ್ಕಿದ್ದು

ಗದಗ ಸೀಮೆಯ ಹೆಣ್ಣುಮಕ್ಕಳು ನೀರನ್ನು ಬೇಳೆಯಿಂದ ಅಳೆಯುತ್ತಾರೆ. ತೊಗರಿಬೇಳೆ ಒಲೆ ಮೇಲಿಟ್ಟು ಎಷ್ಟು ಹೊತ್ತಾದರೂ ಒಡೆಯದೆ ಕಾಳುಕಾಳಾಗಿಯೇ ಉಳಿದರೆ ಆ ಬೋರಿನ ಹಣೆಬರಹ ಮುಗಿಯಿತು. ‘ಬ್ಯಾಳಿ ಕುದಿಯೂದಿಲ್ಲ’ ಎಂದ ಮೇಲೆ ಆ ನೀರು ದನಕ್ಕೆ, ಬಟ್ಟೆಗೆ, ಅಂಗಳಕ್ಕೆ. ಸೋಪು ನೊರೆ ಕಟ್ಟದಿದ್ದರೂ ಅದೇ ತೀರ್ಪು. ಬಾಯಿಗಿಟ್ಟರೆ ಉಪ್ಪುಪ್ಪಾದದ್ದು ಸವಳು. ಗಂಟಲಲ್ಲಿ ಸಲೀಸಾಗಿ ಇಳಿದು, ಬೇಳೆಯನ್ನು ಬೇಗ ಕರಗಿಸುವುದು ಸೀ ನೀರು. ಒಂದು ಕೊಡ ಸೀ ನೀರಿಗಾಗಿ ಎರಡು ಓಣಿ ದಾಟಿ ಹೋಗುವವರನ್ನು, ಹೊಲದ ಬೋರಿನಿಂದ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ತರುವವರನ್ನು ಮುಂಡರಗಿ, ಶಿರಹಟ್ಟಿಯ ಹಳ್ಳಿಗಳಲ್ಲಿ ಇಂದಿಗೂ ಕಾಣಬಹುದು.

ಈ ಪರೀಕ್ಷೆ ಸುಳ್ಳಲ್ಲ. ಬೇಳೆ ಬೇಯದಂತೆ ತಡೆಯುವುದು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಸೋಪಿನ ನೊರೆ ಕೊಲ್ಲುವುದೂ ಅವೇ. ಪ್ರಯೋಗಾಲಯ ಗಡಸುತನ ಎಂದು ಅಂಕಿಯಲ್ಲಿ ಬರೆದುಕೊಡುವುದನ್ನು ಅಡುಗೆಮನೆ ಅರ್ಧ ತಾಸಿನಲ್ಲಿ ಹೇಳಿಬಿಡುತ್ತದೆ. ತಲೆಮಾರುಗಳ ಅನುಭವ ಅದು, ಅದರ ಬಗ್ಗೆ ನನಗೆ ಗೌರವವಿದೆ.

ಆದರೆ ಈ ಸೀಮೆಯ ನೀರಿನಲ್ಲಿರುವ ದೊಡ್ಡ ಶತ್ರುವಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಫ್ಲೋರೈಡ್ ಬೇಳೆಯನ್ನು ತಡೆಯುವುದಿಲ್ಲ, ನೊರೆಯನ್ನೂ ತಡೆಯುವುದಿಲ್ಲ. ಅದಕ್ಕಿಂತ ಸಂಕಟದ ವಿಷಯವೆಂದರೆ, ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡ್ ಬಹಳಷ್ಟು ಕರಗಿ ನಿಲ್ಲಲಾರದು. ಎರಡೂ ಕೂಡಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಇಳಿಯುತ್ತವೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ, ಬೈಕಾರ್ಬೊನೇಟು ಹೆಚ್ಚಿರುವ ಮೆದು ನೀರಿನಲ್ಲಿ ಮಾತ್ರ ಅದು ಧಾರಾಳವಾಗಿ ಕರಗಿಕೊಂಡಿರುತ್ತದೆ. ಅಂದರೆ ಬೇಳೆ ಬೇಗ ಬೆಂದ ನೀರೇ, ನಾಲಗೆ ಮೆಚ್ಚಿದ ನೀರೇ ಎಷ್ಟೋ ಸಲ ಹೆಚ್ಚು ಫ್ಲೋರೈಡಿನ ನೀರಾಗಿರುತ್ತದೆ. ಎರಡು ಓಣಿ ದಾಟಿ ಹೋಗಿ ತಾಯಿ ತನ್ನ ಮಕ್ಕಳಿಗೆಂದು ಆರಿಸಿ ತರುವ ಕೊಡದಲ್ಲಿ ಅದು ಇರಬಹುದು. ಸರ್ಕಾರ, ವಿಜ್ಞಾನ, ಪಂಚಾಯಿತಿ ಮೂವರೂ ಕೂಡಿ ಆಕೆಗೆ ತಿಳಿಸಬೇಕಾಗಿದ್ದ ಮೊದಲ ಮಾತು ಇದು. ಇನ್ನೂ ಸರಿಯಾಗಿ ತಿಳಿಸಿಲ್ಲ.

ಕಲ್ಲಿನಿಂದ ಬಂದದ್ದು

ಈ ವಿಷ ಯಾವ ಕಾರ್ಖಾನೆಯೂ ಸುರಿದದ್ದಲ್ಲ. ಗದಗದ ದಕ್ಷಿಣಕ್ಕೆ ಕಪ್ಪತ್ತಗುಡ್ಡದ ಸಾಲು ಹಬ್ಬಿದೆ. ಭೂವಿಜ್ಞಾನಿಗಳು ಗದಗ ಶಿಸ್ಟ್ ಪಟ್ಟಿ ಎಂದು ಕರೆಯುವ, ಧಾರವಾಡ ಕಾಲದ ಪುರಾತನ ಶಿಲೆಗಳು ಅಲ್ಲಿವೆ. ಅದರ ಆಚೀಚೆ, ವಿಶೇಷವಾಗಿ ಮುಂಡರಗಿಯ ಕಡೆಗೆ, ನೆಲದಡಿ ಇರುವುದು ಗ್ರಾನೈಟು ಮತ್ತು ನೈಸ್. ಈ ಕಲ್ಲುಗಳಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳು ಸಣ್ಣಗೆ ಬೆರೆತಿವೆ, ಫ್ಲೋರೈಡ್ ಅವುಗಳ ಒಳಗಿದೆ. ಮಳೆ ಜೋರಾಗಿ ಸುರಿದು ನೆಲದಡಿಯ ನೀರು ಬೇಗಬೇಗ ಬದಲಾಗುವ ಮಲೆನಾಡಿನಲ್ಲಿ ಅದು ತೊಳೆದುಹೋಗುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಈ ಬೆಳವಲದಲ್ಲಿ ನೀರು ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ಕುಳಿತೇ ಇರುತ್ತದೆ. ಚಹಾಪುಡಿ ಹೆಚ್ಚು ಹೊತ್ತು ಕುದಿದಂತೆ ಕಷಾಯವಾಗುವ ಹಾಗೆ, ಕುಳಿತಷ್ಟೂ ಕಲ್ಲಿನ ಸತ್ವ ನೀರಿಗಿಳಿಯುತ್ತದೆ.

ಇದಕ್ಕೆ ಕೂಡಿಕೊಂಡದ್ದು ಎರೆಭೂಮಿಯ ಗುಣ. ಎರೆಹೊಲ ಅಗೆದವರಿಗೆ ಮಣ್ಣಿನ ಕೆಳಪದರದಲ್ಲಿ ಸುಣ್ಣದ ಬಿಳಿ ಉಂಡೆಗಳು ಸಿಗುವುದು ಗೊತ್ತು. ಬಿಸಿಲಿಗೆ ನೀರು ಆರಿದಾಗ ಅದರಲ್ಲಿದ್ದ ಕ್ಯಾಲ್ಸಿಯಂ ಹೀಗೆ ಗಟ್ಟಿಯಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಉಳಿದ ನೀರು ಕ್ಯಾಲ್ಸಿಯಂ ಕಳೆದುಕೊಂಡು ಕೆಳಗಿಳಿಯುತ್ತದೆ; ಫ್ಲೋರೈಡನ್ನು ಹಿಡಿದು ಕೂಡಿಸುವ ಕಾವಲುಗಾರನೇ ಮೇಲೆ ಉಳಿದಂತಾಯಿತು.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಆ ಗೆರೆ ದಾಟಿದ ಕೊಳವೆಬಾವಿಗಳು ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ತಾಲ್ಲೂಕಿನಲ್ಲಿ, ಸರ್ಕಾರಿ ಇಲಾಖೆಗಳ ಹಾಗೂ ವಿಶ್ವವಿದ್ಯಾಲಯಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ. 1.5 ದಾಟಿದ ನೀರು ಕುಡಿದು ಬೆಳೆದ ಮಗುವಿನ ಹಲ್ಲಿನ ಮೇಲೆ ಮೊದಲು ಸುಣ್ಣ ಬಳಿದಂಥ ಬಿಳಿ ಮಚ್ಚೆ ಮೂಡುತ್ತದೆ. ಮುಂದೆ ಅದು ಹಳದಿಗೆ, ಕಂದಿಗೆ ತಿರುಗುತ್ತದೆ. ಈ ಕಲೆಗಳು ಅಡ್ಡಡ್ಡ ಗೆರೆಗಳಾಗಿರುತ್ತವೆ, ಎರಡೂ ಬದಿಯ ಜೋಡಿ ಹಲ್ಲಿನಲ್ಲಿ ಒಂದೇ ಎತ್ತರದಲ್ಲಿ ಕಾಣುತ್ತವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕಾರಣ, ಅದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ. ಒಸಡಿನೊಳಗೆ ಹಲ್ಲು ಕಟ್ಟಿಕೊಳ್ಳುತ್ತಿದ್ದಾಗಲೇ ಆದ ಊನ. ಹೆಚ್ಚುಕಡಿಮೆ ಎಂಟು ವರ್ಷದೊಳಗೆ ಈ ಕೆಲಸ ಮುಗಿದಿರುತ್ತದೆ, ಆಮೇಲೆ ಎಂಥ ಒಳ್ಳೆ ನೀರು ಕೊಟ್ಟರೂ ಆ ಹಲ್ಲು ಮರಳಿ ಬಿಳಿಯಾಗದು. ತಂಬಾಕು ಮುಟ್ಟದ ಹುಡುಗಿಯನ್ನು ನೋಡಲು ಬಂದವರು ತಂಬಾಕಿನ ಅನುಮಾನದಿಂದ ನೋಡುವ, ಫೋಟೋ ತೆಗೆಯುವಾಗ ಹುಡುಗರು ತುಟಿ ಬಿಗಿಹಿಡಿಯುವ ಊರುಗಳಿವೆ. ಇದನ್ನು ಬರೀ ಅಂದಚಂದದ ಸಮಸ್ಯೆ ಎನ್ನುವವರು ಆ ವಯಸ್ಸನ್ನು ಮರೆತವರು.

ಲೀಟರಿಗೆ 3ರಿಂದ 6 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಾನಿ ಎಲುಬಿಗೂ ಇಳಿಯುತ್ತದೆ. ಕೀಲು ಹಿಡಿಯುವುದು, ಕುತ್ತಿಗೆ ತಿರುಗದಿರುವುದು, ಬೆಳಿಗ್ಗೆ ಎದ್ದಾಗ ಸೊಂಟ ಮರಗಟ್ಟಿರುವುದು. ಇದನ್ನು ‘ವಾಯು’ ಎಂದೋ, ವಯಸ್ಸು ಎಂದೋ, ದುಡಿಮೆಯ ನೋವು ಎಂದೋ ತಿಳಿದು ನೋವಿನ ಗುಳಿಗೆ ನುಂಗುವವರೇ ಹೆಚ್ಚು. ಕೂಲಿ ಮಾಡುವ ಮೈ ನೋಯುವುದು ಯಾರಿಗೂ ಸುದ್ದಿಯಲ್ಲವಲ್ಲ, ಹಾಗಾಗಿ ರೋಗ ಎಂದು ಬರೆದುಕೊಳ್ಳುವವರಿಲ್ಲ.

ಭಾರತದಲ್ಲಿ ಇದನ್ನು ಮೊದಲು ಗುರುತಿಸಿದವರು ವೈದ್ಯರಲ್ಲ, ರೈತರು ಎಂಬುದು ನೆನಪಿಡಬೇಕಾದ ಸಂಗತಿ. 1930ರ ದಶಕದಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಉಳುವ ಎತ್ತುಗಳು ಕಾರಣವಿಲ್ಲದೆ ಕುಂಟತೊಡಗಿದ್ದನ್ನು ರೈತರು ಗಮನಿಸಿದರು. ಮನುಷ್ಯರಲ್ಲೂ ಅದೇ ರೋಗವಿದೆ ಎಂದು ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ವರದಿ ಪ್ರಕಟಿಸಿದರು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು, ಜೋಳ ಉಣ್ಣುವವರ ಮೈಯಲ್ಲಿ ಅಕ್ಕಿ ಉಣ್ಣುವವರಿಗಿಂತ ಹೆಚ್ಚು ಫ್ಲೋರೈಡ್ ಉಳಿಯುತ್ತದೆ ಎಂದು ತೋರಿಸಿದರು. ಜೋಳದ ರೊಟ್ಟಿಯೇ ಉಸಿರಾಗಿರುವ ನಮ್ಮ ಕಡೆಗೆ ಈ ಸಂಗತಿ ಎಷ್ಟು ಮುಖ್ಯ! ರೊಟ್ಟಿ ಬಿಡಿ ಎಂದು ಯಾರೂ ಹೇಳಬೇಕಿಲ್ಲ, ಅದು ತಪ್ಪೂ ಹೌದು. ಆದರೆ ರೊಟ್ಟಿ ಉಣ್ಣುವ ನಾಡಿಗೆ ನೀರಿನ ಮಿತಿ ಇನ್ನಷ್ಟು ಬಿಗಿಯಾಗಿರಬೇಕಿತ್ತು ಎಂದು ಕೇಳುವ ಹಕ್ಕು ನಮಗಿದೆ.

ಬಾವಿ ಬಿಟ್ಟ ಕಥೆ

ಹಾಗಾದರೆ ನಮ್ಮ ಹಿರಿಯರೂ ಇದೇ ನೀರು ಕುಡಿದರಲ್ಲ ಎಂದು ಕೇಳಬಹುದು. ಇದೇ ನೀರನ್ನು ಕುಡಿಯಲಿಲ್ಲ. ಅವರು ಕುಡಿದದ್ದು ಕೆರೆಯ ನೀರು, ಹೆಚ್ಚು ಆಳವಿಲ್ಲದ ಬಾವಿಯ ನೀರು. ಗದಗದಿಂದ ಹನ್ನೊಂದು-ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿಗಳ ಊರೆಂಬ ಹೆಸರು. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲು ಇಳಿಯುತ್ತ ಹೋದರೆ ಚಾಲುಕ್ಯರ ಕಾಲದವರು ನೆಲದ ನೀರನ್ನು ಎಷ್ಟು ಆದರದಿಂದ ಕಂಡರು ಎಂಬುದು ಕಾಲಿಗೇ ತಿಳಿಯುತ್ತದೆ. ಮೆಟ್ಟಿಲಿನ ಬದಿಗೆ ಪುಟ್ಟ ಗುಡಿಗಳಂಥ ಗೂಡುಗಳು, ಅವುಗಳ ಮೇಲೆ ಶಿಖರ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಆವರಣದಲ್ಲೂ ಮೆಟ್ಟಿಲಿನ ಹಳೆಯ ಬಾವಿಯಿದೆ. ಗದುಗಿನ ವೀರನಾರಾಯಣ ಗುಡಿಯ ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆ ಆರುವ ತನಕ ಕುಮಾರವ್ಯಾಸ ಕಾವ್ಯ ಹೇಳುತ್ತಿದ್ದನೆಂಬ ಐತಿಹ್ಯ ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ಡಂಬಳದಲ್ಲಿ ದೊಡ್ಡ ಕೆರೆ, ಮಾಗಡಿಯಲ್ಲಿ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಹೆಸರಾದ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಮೇಲುಪದರದ ಈ ನೀರು ಮಳೆಗೆ ಹತ್ತಿರ. ಪ್ರತಿ ಮಳೆಗಾಲಕ್ಕೂ ಅದು ಹೊಸದಾಗುತ್ತದೆ, ಕಲ್ಲಿನ ಜತೆ ಬಹಳ ಕಾಲ ಕೂಡಿರುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಅದರಲ್ಲಿ ಫ್ಲೋರೈಡ್ ಕಡಿಮೆ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಬರೆಯಲಾರೆ. ಮೆಟ್ಟಿಲು ಬಾವಿಗೆ ಇಳಿದವರ ಕಾಲು ನೀರಿಗೆ ತಾಗುತ್ತಿತ್ತು, ಅಲ್ಲಿಂದಲೇ ನಾರುಹುಣ್ಣು ಹಬ್ಬುತ್ತಿತ್ತು. ಹುಣ್ಣಿನಿಂದ ಹೊರಬರುವ ಹುಳು ನೀರಿಗೆ ಮರಿ ಬಿಡುವುದು, ನೀರಿನ ಸಣ್ಣ ಕ್ರಿಮಿ ಅದನ್ನು ನುಂಗುವುದು, ಆ ನೀರನ್ನು ಸೋಸದೆ ಕುಡಿದವನ ಮೈಯಲ್ಲಿ ವರ್ಷದೊಳಗೆ ಗೇಣುದ್ದ, ಮೊಳದುದ್ದ ಹುಳು ಬೆಳೆದು ಕಾಲಿನಿಂದ ಹೊರಬರುವುದು. ಬಿತ್ತನೆಯ ಹೊತ್ತಿನಲ್ಲಿ ಮನೆಮಂದಿಯೆಲ್ಲ ಹಾಸಿಗೆ ಹಿಡಿದ ಕಥೆಗಳನ್ನು ಉತ್ತರ ಕರ್ನಾಟಕದ ಹಿರಿಯರು ಮರೆತಿಲ್ಲ. ಈ ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು, ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಇಳಿಯದಂತೆ ಮಾಡಿದರು, ಊರೂರಿಗೆ ಕೈಪಂಪು ಬಂತು. 1996ರಲ್ಲಿ ದೇಶದ ಕೊನೆಯ ಪ್ರಕರಣ ಕಂಡಿತು, 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಲಸಿಕೆಯಿಲ್ಲದೆ, ಔಷಧಿಯಿಲ್ಲದೆ, ನೀರನ್ನು ಸರಿಮಾಡಿಯೇ ಗೆದ್ದ ರೋಗ ಅದು. ಆ ಕೆಲಸ ಮಾಡಿದವರಿಗೆ ನಾವು ಋಣಿಗಳು.

ಆದರೆ ಕೈಪಂಪು ಬಂದ ಮೇಲೆ ಬಾವಿಯನ್ನು ಕೈಬಿಟ್ಟೆವು. ಕೈಬಿಟ್ಟ ಬಾವಿಗೆ ಕಸ ಬಿತ್ತು, ಗಣಪತಿ ಬಿದ್ದ, ಗಟಾರದ ನೀರು ಹರಿಯಿತು. ಬರ ಬಂದಾಗ ಕೈಪಂಪಿನ ಬೋರು ಬತ್ತಿತು, ಇನ್ನೂ ಆಳಕ್ಕೆ ಕೊರೆದರು, ವಿದ್ಯುತ್ ಮೋಟಾರು ಇಳಿಸಿದರು. ಹೊಲದಲ್ಲಿ ಒಂದು ಬೋರು ಬತ್ತಿದರೆ ಪಕ್ಕದಲ್ಲಿ ಇನ್ನೊಂದು. ಇನ್ನೂರು ಅಡಿ ಹೋಗಿ ನಾನೂರಾಯಿತು, ನಾನೂರು ಹೋಗಿ ಆರುನೂರಾಯಿತು. ಕೆಳಗೆ ಹೋದಷ್ಟೂ ಕಲ್ಲಿನ ಜತೆ ಹೆಚ್ಚು ಕಾಲ ಕೂಡಿದ್ದ ಹಳೆಯ ನೀರು ಮೇಲೆ ಬಂತು. ಹುಳುವಿನಿಂದ ಪಾರಾದ ಊರು ಫ್ಲೋರೈಡಿನ ಕೈಗೆ ಸಿಕ್ಕಿದ್ದು ಹೀಗೆ. ಆ ದಿನಗಳಲ್ಲಿ ನೀರು ಬಿದ್ದರೆ ಸಾಕಾಗಿತ್ತು. ಅದರಲ್ಲಿ ಏನಿದೆ ಎಂದು ಪರೀಕ್ಷಿಸುವ ರೂಢಿ ಬಂದದ್ದು ಎಷ್ಟೋ ತಡವಾಗಿ.

ಬೆಟಗೇರಿಯ ಓಣಿಗಳಲ್ಲಿ

ನಗರದ ಕಥೆ ಬೇರೆ. ಗದಗ-ಬೆಟಗೇರಿ ಅವಳಿನಗರಕ್ಕೆ ನೀರು ಬರುವುದು ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬಳಿ ತುಂಗಭದ್ರೆಯಿಂದ. ನಳಕ್ಕೆ ನೀರು ವಾರಕ್ಕೊಮ್ಮೆ ಬಂದರೆ ಅದೃಷ್ಟ. ಹತ್ತು ದಿನ, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು ದಿನ ಕಾಯಬೇಕಾದ ಓಣಿಗಳಿವೆ. ಹೀಗಾಗಿ ಬ್ಯಾರಲ್ಲು, ಸಿಂಟೆಕ್ಸು, ನೆಲದ ಟಾಕಿ ಇಲ್ಲದ ಮನೆಯಿಲ್ಲ. ನಳದ ನೀರನ್ನು ಕುಡಿಯಲು ಕೂಡಿಟ್ಟು, ಉಳಿದದ್ದಕ್ಕೆಲ್ಲ ಓಣಿಯ ಬೋರು ಅಥವಾ ಹಳೆಯ ಬಾವಿ. ನಳ ಕೈಕೊಟ್ಟ ದಿನ ಅದೇ ನೀರು ಅಡುಗೆಗೂ ಬರುತ್ತದೆ.

ಇಲ್ಲಿ ಮೇಲುಪದರದ ನೀರಿನ ಮೇಲೆ ಬೀಳುವ ಹೊರೆ ಮನುಷ್ಯನದೇ. ತೆರೆದ ಗಟಾರ, ತಳ ಕಟ್ಟದ ಸಂಡಾಸದ ಗುಂಡಿ, ಮನೆ ಹಿಂದಿನ ದನದ ಕೊಟ್ಟಿಗೆ, ತಿಪ್ಪೆ. ಇವುಗಳಿಂದ ಇಳಿಯುವುದು ಎರಡು: ಒಂದು ರೋಗಾಣು, ಇನ್ನೊಂದು ನೈಟ್ರೇಟು. ಮಲಮೂತ್ರದ ಸಾರಜನಕ ಮಣ್ಣಿನಲ್ಲಿ ನೈಟ್ರೇಟಾಗಿ ಬದಲಾಗಿ ನೀರಿನೊಂದಿಗೆ ಸಲೀಸಾಗಿ ಕೆಳಗಿಳಿಯುತ್ತದೆ, ಮಣ್ಣು ಅದನ್ನು ಹಿಡಿದಿಡುವುದಿಲ್ಲ. ಹಳ್ಳಿಯ ಕಡೆ ಮೆಣಸಿನಕಾಯಿ, ಹತ್ತಿ, ಗೋವಿನಜೋಳದ ಹೊಲಕ್ಕೆ ಸುರಿದ ಯೂರಿಯಾದ ಪಾಲೂ ಇದಕ್ಕೆ ಸೇರುತ್ತದೆ. ಮಾನದಂಡದಲ್ಲಿ ನೈಟ್ರೇಟಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ, ಅದಕ್ಕೆ ರಿಯಾಯಿತಿಯಿಲ್ಲ. ಬಾಟಲಿ ಹಾಲು ಕುಡಿಯುವ ಹಸುಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುವ ಅಪಾಯ ಇರುವುದರಿಂದ ಈ ಬಿಗಿ. ನೈಟ್ರೇಟಿಗೂ ರುಚಿಯಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ನೈಟ್ರೇಟೂ ಫ್ಲೋರೈಡೂ ಆವಿಯಾಗುವುದಿಲ್ಲ; ನೀರು ಇಂಗಿದಷ್ಟೂ ಅವು ಇನ್ನಷ್ಟು ಗಾಢವಾಗುತ್ತವೆ. ‘ಕಾಸಿ ಆರಿಸಿ ಕುಡೀರಿ’ ಎಂಬ ಒಂದೇ ಸಲಹೆಯನ್ನು ಎಲ್ಲ ನೀರಿಗೂ ಕೊಡುವುದು ಈ ಕಾರಣಕ್ಕೆ ಅರ್ಧ ಸತ್ಯ.

ಹೋಲಿಕೆಗೆ ಕರಾವಳಿಯ ಮಂಗಳೂರನ್ನು ನೋಡಿ. ಅಲ್ಲಿ ಹಿತ್ತಲಿಗೊಂದು ಬಾವಿ. ಜಂಬಿಟ್ಟಿಗೆ ಕಲ್ಲಿನ ತೂತುಗಳಲ್ಲಿ ನೀರು ಓಡುವಷ್ಟೇ ವೇಗವಾಗಿ ಪಕ್ಕದ ಮನೆಯ ಶೌಚಗುಂಡಿಯ ಕೊಳೆಯೂ ಓಡುತ್ತದೆ. ಸಮುದ್ರದ ಅಂಚಿನಲ್ಲಿ ಹೆಚ್ಚು ಎಳೆದರೆ ಉಪ್ಪು ಒಳಬರುತ್ತದೆ. ಆದರೆ ಅಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ ಪ್ರತಿ ವರ್ಷ ಬಾವಿಯನ್ನು ತೊಳೆದುಕೊಡುತ್ತದೆ. ನಮಗೆ ಆ ಭಾಗ್ಯವಿಲ್ಲ. ಬೆಟಗೇರಿಯ ಓಣಿಯಲ್ಲಿ ಇಂದು ಇಳಿದದ್ದು ಬಹಳ ವರ್ಷ ಅಲ್ಲೇ ಇರುತ್ತದೆ. ಒಳಚರಂಡಿಯ ಕಾಮಗಾರಿಯನ್ನು ರಸ್ತೆ ಅಗೆತದ ಕಿರಿಕಿರಿ ಎಂದು ನೋಡುವುದಕ್ಕಿಂತ ಬಾವಿಯ ಚಿಕಿತ್ಸೆ ಎಂದು ನೋಡಬೇಕು. ಅದಕ್ಕೆ ಮನೆಮನೆಯ ಜೋಡಣೆ ಆಗುವವರೆಗೆ ಕೊಳವೆ ಹೂತದ್ದರಿಂದ ಮಾತ್ರ ನೆಲದ ನೀರಿಗೆ ಯಾವ ಉಪಕಾರವೂ ಇಲ್ಲ.

ನಾಣ್ಯ ಹಾಕಿದರೆ ನೀರು

ಪರಿಹಾರಗಳಿಗೆ ಬರೋಣ. ಅಲ್ಯುಮಿನಿಯಂ ಇರುವ ಸ್ಫಟಿಕದ ಪುಡಿ, ಸುಣ್ಣ ಬೆರೆಸಿ ಫ್ಲೋರೈಡ್ ತಳಕ್ಕಿಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ‘ನೀರಿ’ 1970ರ ದಶಕದಲ್ಲೇ ರೂಪಿಸಿತು. ದಿನವೂ ಅಳತೆ ಹಿಡಿದು ಮಾಡುವ ಶ್ರಮ ಅದಕ್ಕೆ ಬೇಕು, ಹಳ್ಳಿಗಳಲ್ಲಿ ಅದು ನಿಲ್ಲಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ‘ಸಚೇತನ’ ಎಂಬ ಯೋಜನೆ ಮುಂಡರಗಿ ತಾಲ್ಲೂಕಿಗೂ ಬಂತು. ಬೈಫ್ ಸಂಸ್ಥೆಯ ಕರ್ನಾಟಕ ಶಾಖೆ ಪಾವಗಡ, ಶಿರಾದಂಥ ಫ್ಲೋರೈಡ್ ಪೀಡಿತ ತಾಲ್ಲೂಕುಗಳಲ್ಲಿ ನಡೆಸಿದ ಈ ಯೋಜನೆಯಲ್ಲಿ ಮನೆಯ ಚಾವಣಿಯ ಮಳೆನೀರನ್ನು ಸೋಸಿ ತೊಟ್ಟಿಯಲ್ಲಿ ಕೂಡಿಡುವುದೇ ಮುಖ್ಯ ಕೆಲಸ.

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆಯಿರುವುದು ಇದರ ಮೇಲೆ. ಲೆಕ್ಕ ಹಾಕಿ ನೋಡಿ. 50 ಚದರ ಮೀಟರಿನ ಚಾವಣಿಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ 30 ಸಾವಿರ ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 24 ಸಾವಿರ ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲಾ ಆರು ಲೀಟರಿನಂತೆ ವರ್ಷಕ್ಕೆ ಬೇಕಾದದ್ದು ಸುಮಾರು 11 ಸಾವಿರ ಲೀಟರ್. ಬರದ ವರ್ಷದಲ್ಲಿ ಅರ್ಧ ಮಳೆ ಬಿದ್ದರೂ ಕುಡಿಯುವ ಮಟ್ಟಿಗೆ ಸಾಕು. ಮೇಲ್ಮುದ್ದೆಯ ಮಣ್ಣಿನ ಮಾಳಿಗೆಯಿಂದ ಈ ನೀರು ಹಿಡಿಯುವುದು ಕಷ್ಟ ಎಂಬುದು ನಿಜ, ತೊಟ್ಟಿ ಕಟ್ಟಲು ಖರ್ಚಿದೆ ಎಂಬುದೂ ನಿಜ. ಆದರೆ ಈಗ ಹಳ್ಳಿಗಳಲ್ಲಿ ಸ್ಲ್ಯಾಬಿನ ಮನೆಗಳು, ತಗಡಿನ ಚಾವಣಿಗಳು ಹೆಚ್ಚಿವೆ. ಮನೆ ಕಟ್ಟುವ ಸರ್ಕಾರಿ ಸಹಾಯಧನದ ಜತೆಗೇ ತೊಟ್ಟಿಯ ಹಣವನ್ನೂ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಎಷ್ಟೋ ಮನೆಗಳು ತಮ್ಮ ನೀರನ್ನು ತಾವೇ ಹೊಂದಿರುತ್ತಿದ್ದವು.

ರಾಜ್ಯ ಆರಿಸಿಕೊಂಡ ದಾರಿ ಬೇರೆ. ಗದುಗಿನವರೇ ಆದ ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರಾಜ್ಯದ ಉದ್ದಗಲಕ್ಕೂ ಸಾವಿರಾರು ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿ, ಕ್ಯಾನು ಒಡ್ಡಿದರೆ 20 ಲೀಟರ್ ನೀರು. ಈ ಘಟಕಗಳು ಫ್ಲೋರೈಡ್ ತೆಗೆಯುತ್ತವೆ, ಲಕ್ಷಾಂತರ ಮನೆಗಳಿಗೆ ಕುಡಿಯುವ ನೀರು ಕೊಟ್ಟಿವೆ. ಇದನ್ನು ಹೇಳದೆ ಇವುಗಳ ದೋಷ ಹೇಳುವುದು ಅನ್ಯಾಯ.

ದೋಷಗಳೂ ಸಣ್ಣವಲ್ಲ. ಆರ್‌ಒ ಪರದೆಯೊಳಗಿಂದ ನೀರನ್ನು ಒತ್ತಿ ಸೋಸುವಾಗ ಒಂದು ಕೊಡ ಶುದ್ಧ ನೀರಿಗೆ ಹೆಚ್ಚುಕಡಿಮೆ ಇನ್ನೊಂದು ಕೊಡ, ಕೆಲವೆಡೆ ಅದಕ್ಕೂ ಹೆಚ್ಚು, ಹೊರಗೆ ಹೋಗುತ್ತದೆ. ಆ ಹೊರಹೋಗುವ ನೀರಿನಲ್ಲಿ ಲವಣ, ಫ್ಲೋರೈಡ್ ಎರಡರಷ್ಟು ಗಾಢ. ಘಟಕದ ಹಿಂದೆ ಹೋಗಿ ನೋಡಿದರೆ ಒಂದು ಕೊಳವೆಯಿಂದ ಅದು ಗಟಾರಕ್ಕೋ ತಗ್ಗಿಗೋ ಸುರಿಯುತ್ತಿರುತ್ತದೆ. ಸುತ್ತಲಿನ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ಅಲ್ಲಿಂದ ಅದು ಮತ್ತೆ ನೆಲಕ್ಕೆ, ಮೇಲುಪದರದ ನೀರಿಗೇ ಇಳಿಯುತ್ತದೆ. ಮುಂಭಾಗದಲ್ಲಿ ಶುದ್ಧ ಮಾಡಿ ಹಿಂಭಾಗದಲ್ಲಿ ಕೆಡಿಸುವ ಈ ವ್ಯವಸ್ಥೆಗೆ, ಹೊರನೀರನ್ನು ಎಲ್ಲಿ ಬಿಡಬೇಕೆಂಬ ನಿಯಮ ಕಟ್ಟುನಿಟ್ಟಾಗಿ ಬೇಕು. ಪರದೆ ಬದಲಿಸದ, ಮೋಟಾರು ಸುಟ್ಟು ತಿಂಗಳುಗಟ್ಟಲೆ ಬೀಗ ಬಿದ್ದ ಘಟಕಗಳ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಲೇ ಇದೆ. ಪರದೆ ಹರಿದ ಮೇಲೂ ನೀರು ಬರುತ್ತದೆ. ರುಚಿಯಿಂದ ಅದನ್ನು ಹಿಡಿಯಲು ಎಲ್ಲರಿಗೂ ಆಗದು.

ಇನ್ನೊಂದು ಮಾತನ್ನು ಯಾರೂ ಹೇಳುತ್ತಿಲ್ಲ. ಕ್ಯಾನಿನ ನೀರನ್ನು ಜನ ಕುಡಿಯಲು ಮಾತ್ರ ಬಳಸುತ್ತಾರೆ. ಹಿಟ್ಟು ನಾದುವುದು, ಬೇಳೆ ಬೇಯಿಸುವುದು, ಅನ್ನ, ಸಾರು, ದಿನಕ್ಕೆ ನಾಲ್ಕು ಸಲದ ಚಹಾ, ಇವೆಲ್ಲ ಬೋರಿನ ನೀರಿನಲ್ಲೇ. ರೊಟ್ಟಿಗೆಂದು ಕುದಿಸಿದ ನೀರು, ಗಂಟೆಗಟ್ಟಲೆ ಇಂಗಿದ ಸಾರು ಫ್ಲೋರೈಡನ್ನು ಹೊಟ್ಟೆಗೆ ಇಳಿಸುತ್ತಲೇ ಇರುತ್ತವೆ. ಅರ್ಧ ಬಾಗಿಲು ಮುಚ್ಚಿ ಕಳ್ಳನನ್ನು ತಡೆಯಲಾಗದು. ಘಟಕದ ಗೋಡೆಯ ಮೇಲೆ ‘ಕುಡಿಯುವ ನೀರು’ ಎಂದು ಬರೆದಿರುವುದರ ಪಕ್ಕದಲ್ಲಿ ‘ಅಡುಗೆಗೂ ಇದೇ’ ಎಂದು ಬರೆಸಲು ಯಾವ ಅನುದಾನವೂ ಬೇಕಿಲ್ಲ.

ಈಚೆಗೆ ಹಳ್ಳಿಗಳವರೆಗೂ ನದಿಯ ನೀರು ಬಂದಿದೆ. ಗದಗ ಜಿಲ್ಲೆಯ ಬಹುಗ್ರಾಮ ಯೋಜನೆಯನ್ನು ಜನ, ಅದರ ಗುತ್ತಿಗೆ ಪದ್ಧತಿಯ ಇಂಗ್ಲಿಷ್ ಅಕ್ಷರಗಳಿಂದ, ‘ಡಿಬಿಓಟಿ ನೀರು’ ಎಂದೇ ಕರೆಯುತ್ತಾರೆ. ಮುಂಡರಗಿ, ಶಿರಹಟ್ಟಿ ಕಡೆಗೆ ತುಂಗಭದ್ರೆ, ರೋಣ, ನರಗುಂದದ ಕಡೆಗೆ ಮಲಪ್ರಭೆ. ಫ್ಲೋರೈಡಿನ ಮಟ್ಟಿಗೆ ಇದೇ ದೊಡ್ಡ ಬಿಡುಗಡೆ, ಅನುಮಾನವಿಲ್ಲ. ಆದರೆ ಬೇಸಿಗೆಯಲ್ಲಿ ನದಿಯ ಪಾತ್ರ ಬಂಡೆ ತೋರಿಸಿದಾಗ, ಕೊಳವೆ ಒಡೆದಾಗ, ಕರೆಂಟು ಹೋದಾಗ ಊರಿನ ಟಾಕಿಗೆ ಮತ್ತೆ ಬೋರಿನ ನೀರನ್ನೇ ಏರಿಸುತ್ತಾರೆ. ಅದೇ ಟಾಕಿ, ಅದೇ ನಳ, ನೀರು ಮಾತ್ರ ಬೇರೆ. ಇಂದು ಬಂದದ್ದು ಯಾವ ನೀರೆಂದು ನಳದ ಮುಂದೆ ನಿಂತವರಿಗೆ ತಿಳಿಯುವ ದಾರಿಯಿಲ್ಲ. ಜತೆಗೆ ನದಿಯೂ ನಿಷ್ಕಳಂಕವಲ್ಲ. ಮೇಲ್ಭಾಗದ ಹರಿಹರದ ಬಳಿ ಕಾರ್ಖಾನೆಯ ತ್ಯಾಜ್ಯ ತುಂಗಭದ್ರೆಗೆ ಸೇರುವುದರ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ನಡೆಸಿದ ಹೋರಾಟವನ್ನು ಈ ಭಾಗ ಮರೆಯಬಾರದು.

ಬಣ್ಣ ಹೇಳುವ ಸತ್ಯ

ನಾಲಗೆಗೆ ಸಿಗದ್ದನ್ನು ಕಣ್ಣಿಗೆ ತೋರಿಸುವ ಉಪಾಯ ಇದೆ, ಅದೂ ಅಗ್ಗದಲ್ಲಿ. ಜಲಜೀವನ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂಬ ಏರ್ಪಾಡಿದೆ. ಅವರ ಕೈಗೆ ಬರುವ ಪೆಟ್ಟಿಗೆಯಲ್ಲಿ ಫ್ಲೋರೈಡಿನ ದ್ರಾವಣವೂ ಇರುತ್ತದೆ. ಸಣ್ಣ ಗಾಜಿನ ಕೊಳವೆಗೆ ಗುರುತಿನವರೆಗೆ ನೀರು ತುಂಬಿ ದ್ರಾವಣದ ಹನಿಗಳನ್ನು ಬೆರೆಸಿ ಅಲ್ಲಾಡಿಸಬೇಕು. ಫ್ಲೋರೈಡ್ ಇಲ್ಲದ ನೀರು ಗುಲಾಬಿಯಾಗಿಯೇ ಉಳಿಯುತ್ತದೆ. ಇದ್ದರೆ ಗುಲಾಬಿ ಕಳೆಗುಂದಿ ಕಿತ್ತಳೆಗೆ, ಹೆಚ್ಚಿದ್ದರೆ ಹಳದಿಗೆ ತಿರುಗುತ್ತದೆ. ಪೆಟ್ಟಿಗೆಯ ಜತೆಗಿರುವ ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ ಅಂದಾಜು ಅಂಕಿ ಸಿಕ್ಕಿತು. ರೋಗಾಣುವಿಗೆ ಬೇರೆ ಶೀಸೆ: ಬಾವಿಯ ನೀರು ತುಂಬಿ ಬೆಚ್ಚಗಿನ ಕಡೆ ಒಂದೆರಡು ದಿನ ಇಟ್ಟರೆ, ಮಲದ ಸೋಂಕು ಇದ್ದ ನೀರು ಕಪ್ಪಾಗುತ್ತದೆ. ಆ ಕಪ್ಪು ಶೀಸೆಯನ್ನು ಗ್ರಾಮಸಭೆಯ ಮೇಜಿನ ಮೇಲಿಟ್ಟರೆ ಸಾಕು. ಭಾಷಣ ಬೇಕಾಗುವುದಿಲ್ಲ.

ಪರೀಕ್ಷೆಗಳು ನಡೆಯುತ್ತಲೂ ಇವೆ. ಆದರೆ ಫಲಿತಾಂಶ ಹೋಗುವುದು ಮೇಲಕ್ಕೆ, ಇಲಾಖೆಯ ಗಣಕಯಂತ್ರಕ್ಕೆ. ನೀರು ಕುಡಿಯುವವರಿಗೆ ಅದು ಮರಳುವುದಿಲ್ಲ. ನನ್ನ ಒತ್ತಾಯ ಇಷ್ಟೇ: ಪ್ರತಿ ಕೊಳವೆಬಾವಿ, ಪ್ರತಿ ಬಾವಿ, ಪ್ರತಿ ಘಟಕದ ಗೋಡೆಯ ಮೇಲೆ ಅದರ ಫ್ಲೋರೈಡ್, ನೈಟ್ರೇಟ್ ಅಂಕಿಯನ್ನು, ಪರೀಕ್ಷಿಸಿದ ತಾರೀಖಿನ ಸಮೇತ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆಯಬೇಕು. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬದಲಿಸಬೇಕು. ನದಿಯ ನೀರಿನ ಟಾಕಿಗೆ ಬೋರಿನ ನೀರು ಏರಿಸುವ ದಿನ ಡಂಗುರ ಹೊಡೆಸಬೇಕು. ಬೇಳೆಯಿಂದ ನೀರನ್ನು ಅಳೆಯಬಲ್ಲವರು ಬಣ್ಣದಿಂದಲೂ ಅಳೆಯಬಲ್ಲರು, ಅಂಕಿ ಸಿಕ್ಕರೆ ಯಾವ ಕೊಡ ಯಾವುದಕ್ಕೆ ಎಂದು ಅವರೇ ನಿರ್ಧರಿಸುತ್ತಾರೆ. ಹಾಲು, ಮಜ್ಜಿಗೆ, ಸೊಪ್ಪು, ನೆಲ್ಲಿಕಾಯಿ ಮಕ್ಕಳ ತಟ್ಟೆಯಲ್ಲಿ ಹೆಚ್ಚಿದರೆ ಕ್ಯಾಲ್ಸಿಯಂ, ಸಿ ಜೀವಸತ್ವ ಫ್ಲೋರೈಡಿನ ಹಾನಿಯನ್ನು ಒಂದಿಷ್ಟು ತಗ್ಗಿಸುತ್ತವೆ ಎಂಬುದನ್ನೂ ಅದರ ಕೆಳಗೆ ಬರೆಯಬಹುದು.

ಡಂಬಳದಂಥ ಕೆರೆಗಳಿಗೆ ಸಿಂಗಟಾಲೂರ ಏತ ನೀರಾವರಿಯಿಂದ ತುಂಗಭದ್ರೆಯ ನೀರು ತುಂಬಿಸುವ ಕೆಲಸ ಆಗಿದೆ. ಕೆರೆ ತುಂಬಿದ ವರ್ಷ ಸುತ್ತಲಿನ ಬಾವಿಗಳಲ್ಲಿ ಸೆಲೆ ಏಳುತ್ತದೆ. ಆ ಹೊಸ ನೀರು ಹಳೆಯ ನೀರಿನ ಫ್ಲೋರೈಡನ್ನು ತೆಳುವಾಗಿಸುತ್ತದೆಯೇ ಎಂದು ಕೆರೆ ತುಂಬುವ ಮುಂಚೆ ಮತ್ತು ತುಂಬಿದ ಮೇಲೆ ಅದೇ ಬಾವಿಗಳನ್ನು ಅಳೆದು ನೋಡಿ ಊರವರಿಗೆ ತೋರಿಸಬೇಕು. ಜಿಲ್ಲೆಯ ಕಾಲೇಜುಗಳ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ತೆರೆದ ಬಾವಿಗಳಲ್ಲಿ ಇನ್ನೂ ಉಳಿಸಿಕೊಳ್ಳಬಹುದಾದವನ್ನು ಗುರುತಿಸಿ ಹೂಳೆತ್ತಿ, ಸುತ್ತ ಕಟ್ಟೆ ಕಟ್ಟಿ, ಮೇಲೆ ಮುಚ್ಚಿಗೆ ಹಾಕಿ, ತಿಪ್ಪೆ-ಗಟಾರಗಳನ್ನು ದೂರ ಸರಿಸಿ ಬಳಕೆಗೆ ತರುವ ಕೆಲಸವೂ ಇದರ ಜತೆಗೇ ಆಗಬೇಕು.

ಇದೆಲ್ಲ ಆಗಲು ಸಮಯ ಹಿಡಿಯುತ್ತದೆ, ಹಲ್ಲು ಮೂಡುವ ಮಗುವಿಗೆ ಮಾತ್ರ ಅಷ್ಟು ಸಮಯವಿಲ್ಲ. ಹಾಗಾಗಿ ಮೊದಲ ಸರದಿ ಅಂಗನವಾಡಿಗೆ, ಶಾಲೆಗೆ, ಬಸುರಿ ಬಾಣಂತಿಯರಿಗೆ. 2013ರ ಆಗಸ್ಟಿನಿಂದ ರಾಜ್ಯದ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಕೊಡುತ್ತಿದ್ದಾರೆ, ಬಿಸಿಯೂಟ ಅದಕ್ಕೂ ಮೊದಲಿನಿಂದ ಇದೆ. ಹಾಲಿನ ಪುಡಿ ಕಲಸುವುದು ನೀರಿನಲ್ಲಿ, ಸಾರು ಕುದಿಸುವುದು ನೀರಿನಲ್ಲಿ. ಆ ನೀರು ಶಾಲೆಯ ಅಂಗಳದ ಬೋರಿನದೇ, ಘಟಕದ್ದೇ, ನದಿಯದೇ? ಬೋರಿನದಾದರೆ ಅದರ ಅಂಕಿ ಎಷ್ಟು? ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ ತಾಲ್ಲೂಕಿನ ಪ್ರತಿ ಶಾಲಾಭಿವೃದ್ಧಿ ಸಮಿತಿ ಮುಂದಿನ ಸಭೆಯಲ್ಲೇ ಈ ಎರಡು ಪ್ರಶ್ನೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಬಹುದು. ಅಡುಗೆಕೋಣೆಯ ನಳದಿಂದ ಒಂದು ಶೀಸೆ ನೀರು ಹಿಡಿದು ಪರೀಕ್ಷೆಗೆ ಕಳಿಸಲು ಮುಖ್ಯೋಪಾಧ್ಯಾಯರು ಮೇಲಿನ ಆದೇಶಕ್ಕೆ ಕಾಯಬೇಕಾಗಿಲ್ಲ.